‘ತುಕ್ಕು’ ಬ್ಯಾಂಡಿನ ಕೊನೆಯ ಕ್ಯಾಸೆಟ್

ಕಂತು ಒಂಬತ್ತು

ವಿಷ್ಣು ಕ್ಯಾಸೆಟ್ಟನ್ನು ಮುಟ್ಟಲಿಲ್ಲ. ಕೌಂಟರಿನ ಮೇಲಿದ್ದ ಅದನ್ನು ಒಮ್ಮೆ ನೋಡಿದ, ಆಮೇಲೆ ರಸ್ತೆ ಕಡೆ ಮುಖ ಮಾಡಿದ.

“ಎಲ್ಲಿ ಸಿಕ್ತು ಇದು?”

“ಆಮೇಲೆ ಹೇಳ್ತೀನಿ,” ಅಂದಳು ಸಂಧ್ಯಾ. “ಮೊದಲು ಕೇಳು.”

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಒಳಗಲ್ಲಿಯಲ್ಲಿ ವಿಷ್ಣುವಿನ ಸೌಂಡ್ ಸಿಸ್ಟಂ ಅಂಗಡಿ. ಮದುವೆಗೆ, ಗಣಪತಿ ಪೆಂಡಾಲಿಗೆ, ಚುನಾವಣೆ ಪ್ರಚಾರಕ್ಕೆ ಬಾಡಿಗೆ ಹೋಗುವ ದೊಡ್ಡ ದೊಡ್ಡ ಬಾಕ್ಸುಗಳು ಸೂರಿನ ತನಕ ಏರಿದ್ದವು. ಬೆಳಗಿನ ಹನ್ನೊಂದು ಗಂಟೆ. ಹೊರಗೆ ಬಟ್ಟೆ ಅಂಗಡಿಯವರು ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದರು. ಅಷ್ಟೆಲ್ಲ ಸದ್ದು ಮಾಡುವ ಸಾಮಾನು ತುಂಬಿಕೊಂಡಿದ್ದ ಅಂಗಡಿ ಮಾತ್ರ ತಣ್ಣಗಿತ್ತು.

ಎಂಟು ವರ್ಷದ ಹಿಂದೆ ಭದ್ರಾವತಿಯ ನ್ಯೂ ಟೌನ್ ಆಚೆ ಮುಚ್ಚಿದ್ದ ಮರದ ಮಿಲ್ಲಿನ ಶೆಡ್ಡಿಗೆ ಬೆಂಕಿ ಬಿದ್ದು ಕಾವಲಿನ ಭೂತಪ್ಪ ಸತ್ತಿದ್ದ; ಆ ಸಾವಿಗೆ ಜೈಲು ಕಂಡವನು ಅವತ್ತು ಅಲ್ಲಿ ಹಾಡಿದ ಜ್ಞಾನೇಶ; ಅವತ್ತಿನದೇ ಈ ಕ್ಯಾಸೆಟ್ಟು ನಿನ್ನೆ ಸಂಧ್ಯಾಳ ಕೈ ಸೇರಿತ್ತು.

ಅವಳು ತಾನೇ ತಂದಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು.

ಮೊದಲು ಬರೀ ಗಲಾಟೆ. ನಲವತ್ತು ಐವತ್ತು ಜನರ ಕೂಗು, ಯಾರದೋ ಸಿಳ್ಳೆ. ಆಮೇಲೆ ಜ್ಞಾನೇಶನ ಗಂಟಲು: “ನಾವು ತುಕ್ಕು. ನಮಗೆ ಹದಿನಾಲ್ಕು ಹಾಡು ಬರುತ್ತೆ. ಅದರಲ್ಲಿ ಒಂಬತ್ತು ಒಂದೇ ಥರ ಇದಾವೆ. ಯಾವ ಒಂಬತ್ತು ಅಂತ ನೀವೇ ಹೇಳಿ.”

ವಿಷ್ಣುವಿನ ತುಟಿ ಅಲುಗಿತು. ನಗು ಅಲ್ಲೇ ನಿಂತುಬಿಟ್ಟಿತು.

ಹನ್ನೊಂದು ತಿಂಗಳು. ‘ತುಕ್ಕು’ ಬದುಕಿದ್ದದ್ದು ಅಷ್ಟೇ. ಜ್ಞಾನೇಶ ಹಾಡಿಕೊಂಡೇ ಬೇಸ್ ಗಿಟಾರ್ ನುಡಿಸುತ್ತಿದ್ದ, ವಿಷ್ಣುವಿನದು ಗಿಟಾರು, ಸಂಧ್ಯಾಳದು ಡ್ರಮ್ಸು. ಮೂವರಿಗೂ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಡ್ರಮ್ಸು ಅಂದರೆ ಮದುವೆ ಬ್ಯಾಂಡಿನವರು ಮೂಲೆಗೆಸೆದದ್ದು. ತಾಳದ ತಟ್ಟೆಗಳನ್ನು ಜ್ಞಾನೇಶ ತಾನು ಕೆಲಸ ಮಾಡುವ ಲೇತ್ ಶಾಪಿನ ಗುಜರಿ ತಗಡಿನಲ್ಲಿ ಕತ್ತರಿಸಿ ಕೊಟ್ಟಿದ್ದ; ಹೊಡೆದರೆ ಅಡಿಗೆಮನೆಯಲ್ಲಿ ಪಾತ್ರೆ ಉರುಳಿದ ಹಾಗಿರುತ್ತಿತ್ತು. ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರನ್ನು, ಅವರ ಬಾಯಲ್ಲಿ ಆಂಪನ್ನು, ವಿಷ್ಣು ಹಳೇ ರೇಡಿಯೋಗಳ ಹೊಟ್ಟೆ ಬಗೆದು ಕೈಯಾರೆ ಕಟ್ಟಿದ್ದ.

ಪಂಕ್ ಸಂಗೀತ ಅಂದರೆ ಏನು ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದದ್ದು ಇಷ್ಟೇ: ಗಿಟಾರಿನಲ್ಲಿ ಮೂರು ಸ್ವರಗುಚ್ಛ ಹಿಡಿಯೋಕೆ ಬಂದರೆ ಸಾಕು, ಮಿಕ್ಕಿದ್ದು ಸಿಟ್ಟು. ‘ಅಂಕಪಟ್ಟಿ’ ಅಂತ ಒಂದು ಹಾಡು, ‘ನೀರು ಬಿಡೋ ಟೈಮು’ ಅಂತ ಒಂದು. ಯಾವುದೂ ಎರಡು ನಿಮಿಷ ದಾಟುತ್ತಿರಲಿಲ್ಲ. ಜೆರಾಕ್ಸ್ ಪೋಸ್ಟರನ್ನು ತಾವೇ ಮೈದಾಹಿಟ್ಟಿನ ಅಂಟು ಕಾಸಿ ಬಸ್ ಸ್ಟಾಂಡಿನಲ್ಲಿ ಹಚ್ಚುತ್ತಿದ್ದರು. ಐಟಿಐ ಹುಡುಗರು ಬರುತ್ತಿದ್ದರು, ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಹುಡುಗರು ಬರುತ್ತಿದ್ದರು, ಶಿವಮೊಗ್ಗದಿಂದ ಬಸ್ಸಿನಲ್ಲಿ ಒಂದು ಹಿಂಡು ಬರುತ್ತಿತ್ತು. ಆ ಹಿಂಡಿನಲ್ಲೇ ‘ಪವರ್ ಕಟ್’ ಅಂತ ಇನ್ನೊಂದು ಬ್ಯಾಂಡು ಹುಟ್ಟಿ, ಎರಡು ಸಲ ನುಡಿಸಿ, ಜಗಳವಾಡಿ ಮುಗಿದೂ ಹೋಗಿತ್ತು.

ಶೆಡ್ಡು ಕೊಟ್ಟವನು ಭೂತಪ್ಪ. ಅವನಿಗೆ ಕಿವಿ ದೂರ. ಎಷ್ಟು ಕಿರುಚಿದರೂ ಬೇಜಾರಿಲ್ಲ. ಅಭ್ಯಾಸ ನಡೆಯುವಾಗ ಒಂದು ದಿಮ್ಮಿಯ ಮೇಲೆ ಕೂತು, ಅಂಗೈಯನ್ನು ಮರಕ್ಕೆ ಒತ್ತಿಕೊಂಡಿರುತ್ತಿದ್ದ. ಮುಗಿದ ಮೇಲೆ ಸಂಧ್ಯಾಳಿಗೆ ಹೇಳುತ್ತಿದ್ದ: “ಇವತ್ತು ಚೆನ್ನಾಗಿ ಗುದ್ದಿದೆ ಕಣವ್ವ. ಇಲ್ಲೀತನಕ ಬಂತು.” ಮೊಣಕೈ ತೋರಿಸುತ್ತಿದ್ದ.

ಹಿಂದುಗಡೆ ಕೋಣೆಯಲ್ಲಿ ಅವನು ಮಲಗಿದ್ದದ್ದನ್ನು ಬೆಂಕಿ ಬಿದ್ದ ಆ ಭಾನುವಾರ ಯಾರೂ ನೋಡಿರಲಿಲ್ಲ.

“ಸಾಕು, ಆಫ್ ಮಾಡು,” ಅಂದ ವಿಷ್ಣು. “ಹಾಡು ಕೇಳೋಕೆ ಬಂದಿದೀಯಾ?”

“ಹಾಡಲ್ಲ. ಹಾಡು ಮುಗಿದ ಮೇಲಿಂದು.”

ಅವಳು ಟೇಪನ್ನು ಮುಂದಕ್ಕೋಡಿಸಿದಳು. ಬೆರಳಿನ ಅಂದಾಜು ತಪ್ಪಲಿಲ್ಲ. ನಿನ್ನೆಯಿಂದ ಹದಿನೈದು ಸಲ ಕೇಳಿದ್ದಳು. ಇನ್ಶೂರೆನ್ಸ್ ಕಂಪನಿಗಳಿಗೆ ಕ್ಲೇಮು ಪರಿಶೀಲಿಸಿ ಕೊಡುವುದು ಅವಳ ಕೆಲಸ. ಸುಟ್ಟ ಅಂಗಡಿಯೊಳಗೆ ಕಾಲಿಟ್ಟು ಗೋಡೆಯ ಮಸಿ ನೋಡಿದರೆ ಬೆಂಕಿ ಎಲ್ಲಿಂದ ಎದ್ದಿತು, ಮಾಲೀಕ ಎಲ್ಲಿ ಸುಳ್ಳು ಹೇಳುತ್ತಿದ್ದಾನೆ ಅಂತ ಹೇಳಬಲ್ಲಳು. ಆರು ವರ್ಷದಲ್ಲಿ ಅಂಥ ಎಷ್ಟೋ ಬೆಂಕಿ ನೋಡಿದ್ದಳು. ತನ್ನದೇ ಬೆಂಕಿಯ ಹತ್ತಿರ ಒಂದು ಸಲವೂ ಹೋಗಿರಲಿಲ್ಲ.

ಟೇಪಿನಲ್ಲಿ ಜನ ಚದುರುವ ಸದ್ದು. ಬಸ್ಸು ತಪ್ಪುತ್ತೆ ಅಂತ ಯಾರೋ ಓಡಿದ್ದು. ಆಮೇಲೆ ಒಂದು ಮೊಪೆಡ್ ಕೆಮ್ಮಿಕೊಂಡು ಶುರುವಾಯಿತು. ಸೈಲೆನ್ಸರ್ ತೂತಾದ ಮೊಪೆಡ್ಡು. ಸದ್ದು ದೂರ ಸರಿದು, ತಿರುವಿನಲ್ಲಿ ಕರಗಿತು.

“ಇದು ಯಾರ ಗಾಡಿ?”

ವಿಷ್ಣು ಕೌಂಟರಿನ ಮೇಲಿದ್ದ ವೈರಿನ ಸುರುಳಿಯನ್ನು ಸರಿ ಮಾಡತೊಡಗಿದ.

“ಜ್ಞಾನೇಶಂದು. ಇಡೀ ನ್ಯೂ ಟೌನಿಗೆ ಗೊತ್ತಿತ್ತು ಈ ಸದ್ದು. ಇದು ಮೂವತ್ಮೂರನೇ ನಿಮಿಷ. ನಾವು ಶುರು ಮಾಡಿದ್ದು ಐದೂವರೆಗೆ, ಬೆಂಕಿ ಎದ್ದದ್ದು ಆರೂಮುಕ್ಕಾಲಿಗೆ. ಅಂದ್ರೆ ಅವನು ಬೆಂಕಿಗಿಂತ ಸುಮಾರು ಮುಕ್ಕಾಲು ಗಂಟೆ ಮೊದಲೇ ಹೊರಟ. ನಾವಿಬ್ರೂ ಪೊಲೀಸ್ ಸ್ಟೇಷನ್‌ನಲ್ಲಿ ಏನು ಬರೆದುಕೊಟ್ವಿ ನೆನಪಿದೆಯಾ? ‘ನಾವು ಹೊರಟಾಗ ಜ್ಞಾನೇಶ ಒಬ್ಬನೇ ಒಳಗಿದ್ದ, ಬೀಡಿ ಸೇದ್ತಿದ್ದ’ ಅಂತ.”

“ಅವನು ಬೀಡಿ ಸೇದ್ತಿದ್ದದ್ದು ನಿಜ ತಾನೆ?”

“ದಿನಾ ಸೇದ್ತಿದ್ದ. ಅವತ್ತು ಸೇದಿದ್ದನ್ನ ನಾನು ನೋಡಿಲ್ಲ. ನೋಡದೇನೇ ಸಹಿ ಹಾಕಿದೆ.”

ಸಹಿ ಹಾಕಿದ ದಿನ ಅಪ್ಪ ಪಕ್ಕದಲ್ಲಿ ಕೂತಿದ್ದರು. ಅಪ್ಪ ಅಂದರೆ ಶ್ರೀನಿವಾಸಮೂರ್ತಿ ಮೇಷ್ಟ್ರು, ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು, ಜ್ಞಾನೇಶನಿಗೂ ಹೇಳಿಕೊಟ್ಟವರು. “ಎಲ್ಲರೂ ಹಾಗೇ ಹೇಳಿದ್ದಾರಂತೆ. ಹಾಕು,” ಅಂದಿದ್ದರು, ಅವಳ ಕಡೆ ನೋಡದೆ. ಅವಳು ಹಾಕಿದ್ದಳು. ಅವಳು ಸಹಿ ಹಾಕಿದ ಆ ಹೇಳಿಕೆಯನ್ನು ಕೋರ್ಟಿನಲ್ಲಿ ಓದಿದಾಗ ಕಟಕಟೆಯಲ್ಲಿ ನಿಂತ ಜ್ಞಾನೇಶ ತಲೆ ಎತ್ತಿ ಅವಳನ್ನು ನೋಡಿದ್ದ. ಬೈಯುವ ನೋಟವಲ್ಲ. ಹೋಗಲಿ ಬಿಡು ಅನ್ನುವ ಹಾಗೆ. ಒಂದೂವರೆ ವರ್ಷ ಜೈಲು. ಬಂದ ಮೇಲೆ ಅದೇ ಲೇತ್ ಶಾಪು, ಅದೇ ಮನೆ, ತಾಯಿ ಮಹಾಂತಮ್ಮ. ಎದುರಿಗೆ ಸಿಕ್ಕರೆ ಸಂಧ್ಯಾಳೇ ರಸ್ತೆ ದಾಟಿ ಆಚೆ ಹೋಗುತ್ತಿದ್ದಳು.

“ಇನ್ನೂ ಇದೆ, ಕೇಳು,” ಅಂದಳು.

ಟೇಪಿನಲ್ಲಿ ಐದಾರು ನಿಮಿಷ ಏನೂ ಇಲ್ಲ. ಕಾಗೆ, ದೂರದ ಲಾರಿ. ಆಮೇಲೆ ‘ಚಟ್’ ಅಂತ ಒಂದು ಸಣ್ಣ ಸದ್ದು. ಅದರ ಬೆನ್ನಿಗೇ ಗುಂಯ್ ಅನ್ನುವ ದಪ್ಪ ನಾದ. ಆ ನಾದದ ತಳದಲ್ಲಿ, ಬಾವಿಯೊಳಗಿಂದ ಬಂದ ಹಾಗೆ, ಒಬ್ಬ ಗಂಡಸಿನ ಶಾಂತವಾದ ದನಿ: “...ಶುಂಠಿ ಗದ್ದೆಯಲ್ಲಿ ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆದು...”

ವಿಷ್ಣು ಕಣ್ಣು ಮುಚ್ಚಿಕೊಂಡ.

“ಭದ್ರಾವತಿ ಆಕಾಶವಾಣಿ,” ಅಂದಳು ಸಂಧ್ಯಾ. “ಪಕ್ಕದಲ್ಲೇ ಸ್ಟೇಷನ್ ಇತ್ತಲ್ಲ, ನಿನ್ನ ಆಂಪ್ ಆನ್ ಮಾಡಿದ್ರೆ ಸಾಕು, ಗಿಟಾರಿಗಿಂತ ಮೊದಲು ರೈತರ ಕಾರ್ಯಕ್ರಮ ಬರ್ತಿತ್ತು. ನಾವು ಎಷ್ಟು ನಗ್ತಿದ್ವಿ. ಪ್ರಪಂಚದಲ್ಲಿ ಹಿಂಗೆ ಮಾತಾಡೋ ಆಂಪ್ ಇದ್ದದ್ದು ಒಂದೇ.”

“ಯಾರು ಬೇಕಾದ್ರೂ ಆನ್ ಮಾಡಿರಬಹುದು.”

“ಸ್ವಿಚ್ ಮುರಿದಿತ್ತು ಮಾರಾಯ. ಎರಡು ವೈರ್ ತುದಿ ಸೇರಿಸಿ, ಮೇಲೆ ಬಟ್ಟೆ ಕ್ಲಿಪ್ ಹಾಕಬೇಕಿತ್ತು. ಯಾವ ಎರಡು ಅಂತ ನನಗೂ ಗೊತ್ತಿರಲಿಲ್ಲ, ಜ್ಞಾನೇಶನಿಗೂ ಗೊತ್ತಿರಲಿಲ್ಲ. ಶಾಕ್ ಹೊಡೆಯುತ್ತೆ ಅಂತ ನೀನು ನಮ್ಮನ್ನ ಹತ್ರ ಸೇರಿಸ್ತಿರಲಿಲ್ಲ.”

ಒಬ್ಬ ಗಿರಾಕಿ ಒಳಗೆ ಇಣುಕಿ, ಶುಕ್ರವಾರದ ನಾಮಕರಣಕ್ಕೆ ಮೈಕ್ ಬೇಕು ಅಂದ. ಊಟ ಆದ ಮೇಲೆ ಬನ್ನಿ ಅಂತ ವಿಷ್ಣು ಕೈಸನ್ನೆ ಮಾಡಿದ. ಎದ್ದುಹೋಗಿ ರೋಲಿಂಗ್ ಶಟರನ್ನು ಅರ್ಧಕ್ಕೆ ಎಳೆದ. ವಾಪಸ್ ಬಂದು ಕೂತಾಗ ಅವನ ಮುಖ ಬೇರೆಯಾಗಿತ್ತು.

“ಯಾರು ಕೊಟ್ರು ನಿನಗೆ ಇದನ್ನ?”

“ಕವನಾ.”

ಬ್ಯಾಂಡಿನ ಬಗ್ಗೆ ನಾಲ್ಕು ಪುಟದ ಜೆರಾಕ್ಸ್ ಪತ್ರಿಕೆ ಮಾಡಿ ಹಂಚುತ್ತಿದ್ದ ಹುಡುಗಿ ಕವನಾ. ಪ್ರತಿ ಕಾರ್ಯಕ್ರಮವನ್ನೂ ಟೇಪು ಮಾಡುತ್ತಿದ್ದಳು. ಆಗ ನವುಲೆಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಳು, ಈಗ ಅಲ್ಲೇ ಕೆಲಸ. ನಿನ್ನೆ ಸಂಧ್ಯಾ ಹೋದಾಗ ಬೀಜದ ತಟ್ಟೆಗಳ ನಡುವೆ ನಿಂತುಕೊಂಡೇ ಎಲ್ಲ ಹೇಳಿದ್ದಳು. ಒಳಗೆ ಡ್ರಮ್ಸಿನ ಆರ್ಭಟ ಜಾಸ್ತಿ ಅಂತ ರೆಕಾರ್ಡರನ್ನು ಹೊರಗಿನ ಕಿಟಕಿ ಕಟ್ಟೆ ಮೇಲಿಟ್ಟಿದ್ದಳಂತೆ. ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಮರೆತಳು. ಮಾರನೇ ದಿನ ಬಂದರೆ ಹುಲ್ಲಿನಲ್ಲಿ ಬಿದ್ದಿತ್ತು, ಪ್ಲಾಸ್ಟಿಕ್ಕು ಅರ್ಧ ಕರಗಿತ್ತು, ಕ್ಯಾಸೆಟ್ಟು ಹಾಗೇ ಇತ್ತು. “ಪೊಲೀಸು, ಕೋರ್ಟು ಅಂದ್ರೆ ಹಾಸ್ಟೆಲಿಂದ ಓಡಿಸ್ತಾರೆ ಅಂತ ಹೆದರಿದೆ ಸಂಧ್ಯಾ. ಬೀರುವಿನಲ್ಲಿಟ್ಟೆ. ಕೇಳಲೇ ಇಲ್ಲ. ಕೇಳಿದ್ದಿದ್ರೆ...” ಅಂದವಳು ಮಾತು ಮುಗಿಸದೆ ಕೈಯ ಮಣ್ಣು ಒರೆಸಿಕೊಂಡಿದ್ದಳು.

“ಅವತ್ತು ನೀನು ವಾಪಸ್ ಬಂದಿದ್ದೆ,” ಅಂದಳು ಸಂಧ್ಯಾ.

“ನನ್ನ ಹತ್ರ ಕ್ಲೇಮಿನೋರ ಹತ್ರ ಮಾತಾಡಿದ ಹಾಗೆ ಮಾತಾಡಬೇಡ ಮಾರಾಯ್ತಿ.”

“ಸರಿ. ನಿನ್ನ ಡ್ರಮ್ಮರ್ ಥರ ಕೇಳ್ತೀನಿ. ಯಾಕೆ ಬಂದೆ?”

ವಿಷ್ಣು ಕೈ ಚಾಚಿ ಟೇಪ್ ರೆಕಾರ್ಡರನ್ನು ತಾನೇ ಆಫ್ ಮಾಡಿದ.

“ಅವತ್ತು ಮುಗಿದ ಮೇಲೆ ಜ್ಞಾನೇಶ ನನಗೆ ಹೇಳಿದ, ಇದೇ ಕೊನೇದು ಅಂತ. ಲೇತ್ ಶಾಪ್ನೋರು ಭಾನುವಾರಾನೂ ಬಾ ಅಂದಿದಾರೆ, ಅವ್ವನ ದುಡಿಮೆ ಸಾಲಲ್ಲ, ಇನ್ನಾಗಲ್ಲ ಅಂದ. ನಿನಗೆ ಹೇಳೋಕೆ ಅವನಿಗೆ ಧೈರ್ಯ ಬರಲಿಲ್ಲ. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಗಾಡಿ ಹತ್ತಿ ಹೊರಟ. ನಾನು ಗೇಟಿನ ತನಕ ಹೋಗಿ ತಿರುಗಿದೆ. ಒಂದು ಸಲ ಒಬ್ಬನೇ ನುಡಿಸೋಣ ಅನ್ನಿಸ್ತು. ಅಷ್ಟೇ. ಬೇರೇನಿಲ್ಲ.”

“ಎಷ್ಟು ಹೊತ್ತಿದ್ದೆ?”

“ಹತ್ತು ನಿಮಿಷ. ಹದಿನೈದು. ಅಳು ಬಂತು. ಗಿಟಾರ್ ಹೆಗಲಿಗೆ ಹಾಕ್ಕೊಂಡು ಹೊರಟುಬಿಟ್ಟೆ.”

“ಆಂಪ್?”

ಅವನು ಅರ್ಧ ಎಳೆದ ಶಟರಿನ ಕಡೆ ನೋಡಿದ.

“ವಿಷ್ಣು, ಆಂಪ್ ಆಫ್ ಮಾಡಿದ್ಯಾ?”

“ಗೊತ್ತಿಲ್ಲ.” ಅವನು ಎರಡೂ ಕೈ ಕೌಂಟರಿನ ಮೇಲಿಟ್ಟ. “ಕ್ಲಿಪ್ ತೆಗೆದೆ ಅಂತಲೂ ನೆನಪಿದೆ, ತೆಗೀಲಿಲ್ಲ ಅಂತಲೂ ನೆನಪಿದೆ. ಸುತ್ತ ಎಲ್ಲ ಮರದ ಹೊಟ್ಟು. ಎಂಟು ವರ್ಷದಿಂದ ದಿನಾ ರಾತ್ರಿ ಅಂಗಡಿ ಮುಚ್ಚುವಾಗ ಪ್ರತಿ ಪ್ಲಗ್ಗನ್ನೂ ಮೂರು ಮೂರು ಸಲ ಕಿತ್ತು ನೋಡ್ತೀನಿ, ಕೇಳು ಬೇಕಾದ್ರೆ ನನ್ನ ಹೆಂಡ್ತೀನ. ಭೂತಪ್ಪ ಒಳಗಿದ್ದಾನೆ ಅಂತ ಗೊತ್ತಿದ್ದಿದ್ರೆ... ದೇವರಾಣೆಗೂ ಗೊತ್ತಿರಲಿಲ್ಲ.”

ಸಂಧ್ಯಾಳಿಗೆ ಸಿಟ್ಟು ಬರಬೇಕಿತ್ತು. ಇಷ್ಟು ದೂರ ಸಿಟ್ಟನ್ನೇ ಹೊತ್ತುಕೊಂಡು ಬಂದಿದ್ದಳು. ಎದುರಿಗೆ ಕೂತವನನ್ನು ನೋಡಿದರೆ ಹತ್ತೊಂಬತ್ತರ ಹುಡುಗನೊಬ್ಬ ಗಿಟಾರ್ ಹೆಗಲಿಗೇರಿಸಿ ಅಳುತ್ತಾ ಮಣ್ಣುರಸ್ತೆಯಲ್ಲಿ ಹೋಗುವುದೇ ಕಣ್ಣಿಗೆ ಕಟ್ಟಿತು. ಅದೇ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಮೊದಲು ತಾನೂ ನಡೆದು ಮನೆಗೆ ಹೋಗಿದ್ದಳು. ತಿರುಗಿ ನೋಡಿರಲಿಲ್ಲ.

“ಹಾಗಾದ್ರೆ ಜ್ಞಾನೇಶ ಜೈಲಿಗೆ ಹೋದಾಗ ಯಾಕೆ ಬಾಯಿ ಬಿಡಲಿಲ್ಲ ನೀನು?”

“ಬಿಡಬೇಕು ಅಂತಲೇ ಹೋಗಿದ್ದೆ. ಜೈಲಿಗೆ. ಒಂದೇ ಸಲ. ನಾನು ಒಪ್ಕೊಂಡು ಬಿಡ್ತೀನಿ, ಬಹುಶಃ ನನ್ನಿಂದಲೇ ಆಗಿದ್ದು ಅಂದೆ. ಅವನು ನಕ್ಕ. ‘ನಿನ್ನಿಂದಲ್ಲ ಮಾರಾಯ, ಸುಮ್ನೆ ಮನೆಗೆ ಹೋಗು’ ಅಂದ. ಯಾರು ಮಾಡಿದ್ದು ಅಂತ ನನಗೆ ಗೊತ್ತು ಅಂದ.”

“ಯಾರು?”

“ಬೇಡ ಸಂಧ್ಯಾ.”

“ಯಾರು ವಿಷ್ಣು?”

“ನಿನಗೆ ಹೇಳಲ್ಲ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಬೇರೆ ಯಾರಿಗೆ ಹೇಳಿದ್ರೂ ನಿನಗೆ ಮಾತ್ರ ಹೇಳಬಾರದು ಅಂತ.”

ಅವಳು ಸುಮ್ಮನೆ ಕಾದಳು. ಕೆಲಸದಲ್ಲಿ ಕಲಿತದ್ದು ಅದೊಂದೇ. ಕಾದರೆ ಎದುರಿನವರು ತಡೆಯಲಾರರು.

“ರೈಲ್ವೆ ಗೇಟಿನ ಹತ್ರ ನೋಡಿದನಂತೆ,” ಅಂದ ವಿಷ್ಣು ಕೊನೆಗೆ. “ಇವನು ಮನೆ ಕಡೆ ಹೋಗುವಾಗ ಎದುರಿಂದ ಒಂದು ಸ್ಕೂಟರ್ ಮಿಲ್ಲಿನ ಕಡೆ ಹೋಯ್ತಂತೆ. ಕಾಲಿನ ಹತ್ರ ಸೀಮೆಎಣ್ಣೆ ಕ್ಯಾನು. ನಿಮ್ಮಪ್ಪ ಸಂಧ್ಯಾ. ಮೇಷ್ಟ್ರು.”

ಹೊರಗೆ ಯಾರೋ ಕೈಗಾಡಿಯವನು ದಾರಿ ಬಿಡಿ ಅಂತ ಕೂಗುತ್ತಿದ್ದ.

ಬೆಂಕಿ ಬೀಳುವ ಮುಂಚಿನ ವಾರವಿಡೀ ಮನೆಯಲ್ಲಿ ಡ್ರಮ್ಸಿನ ಜಗಳ. ಆ ಶನಿವಾರ ಅಪ್ಪ ತಟ್ಟೆ ಸರಿಸಿ ಎದ್ದು, “ನಿನ್ನ ಆ ಡೋಲನ್ನ ಸುಟ್ಟು ಹಾಕ್ತೀನಿ, ನೋಡ್ತಿರು,” ಅಂದಿದ್ದರು. ಅಮ್ಮ ಸತ್ತು ಆಗಿನ್ನೂ ಆರು ತಿಂಗಳು. ಸಿಟ್ಟಿನ ಮಾತು ಅಂದುಕೊಂಡಿದ್ದಳು. ಭಾನುವಾರ ಅವಳು ಮನೆಗೆ ಬಂದಾಗ ಅಪ್ಪ ಇರಲಿಲ್ಲ. ಬಂದದ್ದು ಎಂಟು ಗಂಟೆಗೆ, ಅಂಗಿಯೆಲ್ಲ ಮಸಿ, ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. “ಬೆಂಕಿ ಆರಿಸೋಕೆ ಹೋಗಿದ್ದೆ,” ಅಂದಿದ್ದರು. ಅರ್ಧ ನ್ಯೂ ಟೌನೇ ಬಿಂದಿಗೆ ಹಿಡಿದು ಓಡಿದ್ದ ಸಂಜೆ ಅದು. ಅವಳು ತಾನೇ ಕೈಗೆ ಮುಲಾಮು ಹಚ್ಚಿದ್ದಳು. ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

“‘ಸಂಧ್ಯಾಗೆ ಉಳಿದಿರೋದು ಅಪ್ಪ ಒಬ್ಬರೇ’ ಅಂದ ಜ್ಞಾನೇಶ,” ವಿಷ್ಣು ಹೇಳುತ್ತಿದ್ದ. “ನಾನು ಜೈಲಿಂದ ಹೊರಗೆ ಬಂದೆ. ಆಗ ನನಗೆ ಅಳು ಬರಬೇಕಿತ್ತು ಸಂಧ್ಯಾ. ಬಂದದ್ದು ಸಮಾಧಾನ. ಸದ್ಯ, ನಾನಲ್ಲ ಅಂತ. ಅದಕ್ಕೇ ಅವನ ಮುಖ ನೋಡೋಕೆ ಇವತ್ತಿಗೂ ನನ್ನ ಕೈಲಾಗಲ್ಲ.”

ಸಂಧ್ಯಾ ಫೋನ್ ತೆಗೆದಳು. ಜ್ಞಾನೇಶನ ನಂಬರು ಅವಳ ಹತ್ತಿರ ಇರಲಿಲ್ಲ. ಮಹಾಂತಮ್ಮನದು ಇತ್ತು. ವಿಷ್ಣುವಿಗೂ ಕೇಳಲಿ ಅಂತ ಫೋನನ್ನು ಕೌಂಟರಿನ ಮೇಲಿಟ್ಟು ಸ್ಪೀಕರಿಗೆ ಹಾಕಿದಳು.

“ಆಂಟಿ, ನಾನು ಸಂಧ್ಯಾ. ಜ್ಞಾನೇಶ ಇದಾನಾ? ಒಂದೇ ಒಂದು ಮಾತು ಕೇಳಬೇಕಿತ್ತು.”

“ಇದಾನೆ ಕಣಮ್ಮ, ಒಳಗೆ.” ಮಹಾಂತಮ್ಮ ಪಿಸುದನಿಯಲ್ಲಿ ಮಾತಾಡುತ್ತಿದ್ದಳು. “ಮೇಷ್ಟ್ರು ಬಂದಿದಾರಲ್ಲ.”

“ಯಾವ ಮೇಷ್ಟ್ರು?”

“ನಿಮ್ಮಪ್ಪ. ವರ್ಷಕ್ಕೆ ಒಂದು ಸಲ ಬರ್ತಾರಲ್ಲ, ನಿನಗೆ ಗೊತ್ತಿಲ್ವಾ? ಬಂದು ಸುಮ್ನೆ ಕೂತು, ಒಂದು ಲೋಟ ಕಾಫಿ ಕುಡಿದು ಹೋಗ್ತಾರೆ. ಇವನೂ ಮಾತಾಡಲ್ಲ, ಅವರೂ ಮಾತಾಡಲ್ಲ.” ಅವಳು ಇನ್ನೂ ದನಿ ತಗ್ಗಿಸಿದಳು. “ಇವತ್ತು ಒಬ್ಬರೇ ಬಂದಿಲ್ಲ. ಭೂತಪ್ಪನ ಹೆಂಡ್ತಿ ಹುಚ್ಚಮ್ಮನ್ನ ಕರ್ಕೊಂಡು ಬಂದಿದಾರೆ. ಬಾಗಿಲಿಗೆ ಚಿಲಕ ಹಾಕ್ಕೊಂಡಿದಾರೆ. ಹುಚ್ಚಮ್ಮ ಅಳ್ತಿದಾಳೆ ಕಣಮ್ಮ. ಮೇಷ್ಟ್ರು ಏನೋ ಹೇಳ್ತಿದಾರೆ, ನನ್ನನ್ನ ಕ್ಷಮಿಸಿಬಿಡಿ ಅಂತಿದಾರೆ... ಏನಾಗಿದೆ? ನನಗೇನೂ ಅರ್ಥ ಆಗ್ತಿಲ್ಲ.”

ಸಂಧ್ಯಾ ಫೋನಿನ ಕಡೆ ಬಾಗಿದಳು. ಹಾಗಾದರೆ ನಿಜ. ಎಂಟು ವರ್ಷ ಅವಳೂ ಅಪ್ಪನೂ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ದರು.

“ಆಂಟಿ, ಬಾಗಿಲು ತಟ್ಟಿ. ನಾನು ಈಗಲೇ ಬರ್ತೀನಿ ಅಂತ ಹೇಳಿ. ಅಪ್ಪನಿಗೆ ಹೇಳಿ—”

ಆಗ ಫೋನಿನೊಳಗಿಂದ, ಬಾಗಿಲಿನ ಆಚೆಯಿಂದ, ಒಂದು ಕೂಗು ಬಂತು. ಇಬ್ಬರೂ ಬೆಚ್ಚಿದರು. ಗಂಟಲು ಹರಿದುಹೋಗುವ ಹಾಗೆ ಕೂಗುತ್ತಿದ್ದವನು ಜ್ಞಾನೇಶ.

“ಸುಳ್ಳು! ಸುಳ್ಳು ಹೇಳ್ತಿದಾರೆ ಹುಚ್ಚಮ್ಮ, ನಂಬಬೇಡ! ಮೇಷ್ಟ್ರೇ, ನೀವು ಹಚ್ಚಿಲ್ಲ. ನೀವು ಶೆಡ್ಡಿನ ಬಾಗಿಲು ತೆಗೆಯೋ ಹೊತ್ತಿಗೆ ಆಗಲೇ ಒಳಗೆಲ್ಲ ಉರೀತಿತ್ತು!”

ಫೋನು ಕಟ್ಟಾಯಿತು.

ವಿಷ್ಣುವಿನ ಮುಖ ಬಿಳಿಚಿಕೊಂಡಿತ್ತು. ಅವನು ಸಂಧ್ಯಾಳನ್ನು ನೋಡಿದ, ಸಂಧ್ಯಾ ಅವನನ್ನು ನೋಡಿದಳು. ಇಬ್ಬರ ತಲೆಯಲ್ಲೂ ಒಂದೇ ಮಾತಿತ್ತು. ಅದನ್ನು ಮೊದಲು ಆಡಿದವನು ವಿಷ್ಣು.

“ಮೇಷ್ಟ್ರು ಬಾಗಿಲು ತೆಗೆದದ್ದನ್ನ ಜ್ಞಾನೇಶ ನೋಡಿದಾನೆ ಅಂದ್ರೆ... ಆವಾಗ ಇವನು ಎಲ್ಲಿದ್ದ ಸಂಧ್ಯಾ?”